ಶ್ರೀಮಂತನ ತಂಡ, ಎಲ್ಲರ ತಕ್ಕಡಿ

“ಹಣ ನನ್ನದು, ಹೇಗೆ ಬೇಕಾದರೂ ಖರ್ಚು ಮಾಡುತ್ತೇನೆ, ಕೇಳಲು ನೀವು ಯಾರು?”

ಈ ಮಾತನ್ನು ನಾವು ಮನೆಯಲ್ಲಿ ಕೇಳಿದ್ದೇವೆ, ಮಾರುಕಟ್ಟೆಯಲ್ಲಿ ಕೇಳಿದ್ದೇವೆ, ಕೆಲವೊಮ್ಮೆ ಮಸೀದಿ ಸಮಿತಿಯ ಸಭೆಯಲ್ಲಿಯೂ ಕೇಳಿದ್ದೇವೆ. ಇದು ಬಹಳ ಹಳೆಯ ಮಾತು. ಮದ್‌ಯನ್ ನಾಡಿನ ವ್ಯಾಪಾರಿಗಳು ಅಳತೆ ತೂಕಗಳಲ್ಲಿ ವಂಚಿಸುತ್ತಿದ್ದಾಗ ಪ್ರವಾದಿ ಶುಐಬ್(ಅ) ಅವರನ್ನು ತಡೆದರು. ಆಗ ಆ ಜನರು, ನಮ್ಮ ಸಂಪತ್ತನ್ನು ನಮ್ಮಿಷ್ಟದಂತೆ ಬಳಸಬಾರದೆಂದು ನಿನ್ನ ನಮಾಝ್ ನಿನಗೆ ಆಜ್ಞಾಪಿಸುತ್ತದೆಯೇ ಎಂದು ಅಣಕಿಸಿದ ಸಂಗತಿಯನ್ನು ಪವಿತ್ರ ಕುರ್‌ಆನ್ ‘ಹೂದ್’ ಅಧ್ಯಾಯದ 87ನೇ ಸೂಕ್ತದಲ್ಲಿ ತಿಳಿಸುತ್ತದೆ. ಅವರು ಆಡಿದ್ದು ಅಣಕ. ಆದರೆ ಉತ್ತರ ಅದರೊಳಗೇ ಇತ್ತು. ಹೌದು, ನಮಾಝ್ ತಕ್ಕಡಿಯ ಬಗ್ಗೆಯೂ ಆಜ್ಞಾಪಿಸುತ್ತದೆ.

ಅದೇ ಪ್ರಶ್ನೆ ಈಗ ಆಟದ ಮೈದಾನದಿಂದ ನಮ್ಮ ಮನೆಗಳಿಗೆ ಬಂದಿದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಲ್ಲಿಯೂ ನಮ್ಮ ಮಕ್ಕಳು ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ಬುಗಳ ಅಂಗಿ ತೊಟ್ಟು ತಿರುಗುತ್ತಾರೆ. ಅವರ ವಾದ ಹೀಗಿರುತ್ತದೆ: “ಮಾಲೀಕರು ನಮ್ಮವರು, ಅರಬ್ ರಾಜಮನೆತನದವರು. ಅವರು ತಮ್ಮ ಹಣ ಸುರಿದು ಒಳ್ಳೆಯ ಆಟಗಾರರನ್ನು ತಂದರೆ ಯುರೋಪಿನವರಿಗೆ ಹೊಟ್ಟೆಕಿಚ್ಚೇಕೆ? ಹಣಕಾಸಿನ ನಿಯಮಗಳೆಲ್ಲ ಮುಸ್ಲಿಮರನ್ನು ತಡೆಯುವ ನೆಪವಲ್ಲವೇ?” ಮಕ್ಕಳ ಮಾತೆಂದು ಇದನ್ನು ತಳ್ಳಿಹಾಕಬಾರದು. ಆಟದ ವಿಷಯದಲ್ಲಿ ಕಲಿತ ನ್ಯಾಯವನ್ನೇ ಅವರು ನಾಳೆ ಅಂಗಡಿಯಲ್ಲಿ, ಫಿಲೇಚರಿನಲ್ಲಿ, ಆಸ್ತಿ ಹಂಚಿಕೆಯಲ್ಲಿ ಬಳಸುವರು.

ನಿಯಮ ಏನು ಹೇಳುತ್ತದೆ?

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ನಮ್ಮ ಗಾದೆಯೇ ಈ ನಿಯಮದ ಸಾರ. ಯುರೋಪಿನ ಫುಟ್‌ಬಾಲ್ ಒಕ್ಕೂಟವಾದ ಯುಇಎಫ್‌ಎ 2010ರಲ್ಲಿ ಹಣಕಾಸಿನ ನ್ಯಾಯದ ನಿಯಮಗಳಿಗೆ ಒಪ್ಪಿಗೆ ನೀಡಿತು. ಟಿಕೆಟ್, ಟಿವಿ ಪ್ರಸಾರ, ಜಾಹೀರಾತು ಮುಂತಾದ ಆಟದ ಆದಾಯಕ್ಕೂ ಆಟಗಾರರ ಮೇಲಿನ ಖರ್ಚಿಗೂ ತಾಳೆಯಿರಬೇಕು. ನಷ್ಟಕ್ಕೆ ಒಂದು ಮಿತಿಯಿರಬೇಕು. ಆಟಗಾರರಿಗೆ, ಬೇರೆ ಕ್ಲಬ್ಬುಗಳಿಗೆ, ಸರಕಾರಕ್ಕೆ ಕೊಡಬೇಕಾದ ಬಾಕಿಯನ್ನು ಸಮಯಕ್ಕೆ ಕೊಟ್ಟಿರಬೇಕು. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಇದೇ ದಾರಿಯಲ್ಲಿ, ಮೂರು ವರ್ಷಗಳಲ್ಲಿ ಹೆಚ್ಚೆಂದರೆ 10.5 ಕೋಟಿ ಪೌಂಡ್ ನಷ್ಟ ಎಂಬ ಮಿತಿಯನ್ನು ಇಟ್ಟಿತು. ಅದನ್ನು ಮೀರಿದ ಎವರ್ಟನ್ ಕ್ಲಬ್ಬಿಗೆ 2023ರ ನವೆಂಬರ್‌ನಲ್ಲಿ 10 ಅಂಕಗಳನ್ನು ಕಳೆಯುವ ಶಿಕ್ಷೆಯಾಯಿತು. ಮೇಲ್ಮನವಿಯಲ್ಲಿ ಅದು 6 ಅಂಕಗಳಿಗೆ ಇಳಿಯಿತು. ನಾಟಿಂಗ್‌ಹ್ಯಾಮ್ ಫಾರೆಸ್ಟ್ 2024ರಲ್ಲಿ 4 ಅಂಕ ಕಳೆದುಕೊಂಡಿತು. ಈ ಎರಡೂ ಕ್ಲಬ್ಬುಗಳ ಮಾಲೀಕರು ಆಗ ಮುಸ್ಲಿಮ್ ಅರಸರಾಗಿರಲಿಲ್ಲ ಎಂಬುದನ್ನು ‘ನೆಪ’ದ ಮಾತಾಡುವವರು ಗಮನಿಸಬೇಕು.

ಇನ್ನೊಂದು ಮುಖ್ಯ ಸಂಗತಿ. ಕ್ರೀಡಾಂಗಣ ಕಟ್ಟಲು, ಎಳೆಯ ಮಕ್ಕಳಿಗೆ ತರಬೇತಿ ನೀಡಲು ಮಾಲೀಕನು ಮಾಡುವ ಖರ್ಚನ್ನು ಈ ಲೆಕ್ಕದಿಂದ ಹೊರಗಿಡಲಾಗಿದೆ. ಅಂದರೆ ನಿಯಮವು ಧನಿಕನ ಕೈಯನ್ನು ಕಟ್ಟಿಹಾಕುತ್ತಿಲ್ಲ. ಕಟ್ಟುವುದಕ್ಕೆ ಖರ್ಚು ಮಾಡು, ಆದರೆ ಜೇಬಿನ ಭಾರದಿಂದಲೇ ಪಂದ್ಯವನ್ನು ಬಾಗಿಸಬೇಡ ಎನ್ನುತ್ತದೆ.

ನಮಗೆ ಪರಿಚಯವಿರುವ ಆಟದಲ್ಲಿಯೂ ಇದೇ ವ್ಯವಸ್ಥೆಯಿದೆ. ಐಪಿಎಲ್ ಕ್ರಿಕೆಟಿನ 2025ರ ಆವೃತ್ತಿಗಾಗಿ ನಡೆದ ಹರಾಜಿನಲ್ಲಿ ಪ್ರತಿ ತಂಡಕ್ಕೂ 120 ಕೋಟಿ ರೂಪಾಯಿಗಳ ಮಿತಿಯಿತ್ತು. ಮಾಲೀಕನ ಆಸ್ತಿ ಎಷ್ಟೇ ಇರಲಿ, ಹರಾಜಿನ ಕೋಣೆಯೊಳಗೆ ಎಲ್ಲರ ಥೈಲಿಯೂ ಒಂದೇ ಅಳತೆಯದು. ಇಂಡಿಯನ್ ಸೂಪರ್ ಲೀಗ್ ಕೂಡ ಆಟಗಾರರ ಒಟ್ಟು ಸಂಬಳಕ್ಕೆ ಮಿತಿ ವಿಧಿಸಿತ್ತು. ಜೆಎಸ್‌ಡಬ್ಲ್ಯು ಎಂಬ ದೊಡ್ಡ ಉದ್ಯಮ ಸಮೂಹ 2013ರಲ್ಲಿ ಕಟ್ಟಿದ ಬೆಂಗಳೂರು ಎಫ್‌ಸಿ ತಂಡವು 2018-19ರಲ್ಲಿ ಆ ಲೀಗನ್ನು ಗೆದ್ದುದು ಅಂತಹ ಮಿತಿಯೊಳಗೇ.

ಗೂಡಿನ ಮಾರುಕಟ್ಟೆಯ ಪಾಠ

ಇಂತಹ ಮಿತಿ ಏಕೆ ಬೇಕು ಎಂಬುದನ್ನು ತಿಳಿಯಲು ನಾವು ಯುರೋಪಿಗೆ ಹೋಗಬೇಕಾಗಿಲ್ಲ. ರಾಮನಗರದ ಸರಕಾರಿ ರೇಷ್ಮೆಗೂಡು ಮಾರುಕಟ್ಟೆಗೆ ಹೋದರೆ ಸಾಕು. ಕನಕಪುರದ, ಮಾಗಡಿಯ ಹಳ್ಳಿಗಳಿಂದ ರೈತನು ಗೂಡು ತರುತ್ತಾನೆ. ಅದನ್ನು ಅವನು ಹೆಚ್ಚು ದಿನ ಇಟ್ಟುಕೊಳ್ಳುವಂತಿಲ್ಲ. ಒಳಗಿನ ಹುಳು ಚಿಟ್ಟೆಯಾಗಿ ಗೂಡನ್ನು ತೂತು ಮಾಡಿ ಹೊರಬಂದರೆ ಎಳೆ ಕಡಿದುಹೋಗುತ್ತದೆ. ಕೊಳ್ಳುವ ರೀಲರ್ ನಾಳೆಯವರೆಗೆ ಕಾಯಬಲ್ಲ, ಮಾರುವ ರೈತ ಕಾಯಲಾರ. ಒಬ್ಬನ ಕೈಯಲ್ಲಿ ಬಂಡವಾಳ, ಇನ್ನೊಬ್ಬನ ತಲೆಯ ಮೇಲೆ ಗಡುವು. ಇಬ್ಬರೂ ಸಮಾನರಲ್ಲ. ಈ ಅಸಮಾನತೆಯನ್ನು ಕಂಡೇ 1959ರಲ್ಲಿ ನಮ್ಮ ರಾಜ್ಯವು ಕಾಯಿದೆ ಮಾಡಿ ಗೂಡಿನ ವ್ಯಾಪಾರವನ್ನು ಮಾರುಕಟ್ಟೆಯ ಬಹಿರಂಗ ಹರಾಜಿನೊಳಗೆ ತಂದಿತು. ಹತ್ತಾರು ಜನರ ಎದುರು ಕೂಗಿದ ಬೆಲೆ, ಎಲ್ಲರೂ ನೋಡುವ ತಕ್ಕಡಿ. ಬೆಲೆ ಒಪ್ಪಿಗೆಯಾಗದಿದ್ದರೆ ಬೇಡವೆನ್ನುವ ಹಕ್ಕು ರೈತನಿಗೆ.

ಇದೇ ತತ್ವವನ್ನು ಪ್ರವಾದಿವರ್ಯರು(ಸ) ಹದಿನಾಲ್ಕು ಶತಮಾನಗಳ ಹಿಂದೆ ಮದೀನದ ಮಾರುಕಟ್ಟೆಯಲ್ಲಿ ಸ್ಥಾಪಿಸಿದ್ದರು. ಸರಕು ತರುವ ವರ್ತಕರನ್ನು ದಾರಿಯಲ್ಲೇ ಎದುರುಗೊಂಡು ಕೊಳ್ಳುವುದನ್ನು ಅವರು ನಿಷೇಧಿಸಿದರೆಂದು ಬುಖಾರಿ ಮತ್ತು ಮುಸ್ಲಿಮ್ ವರದಿ ಮಾಡಿವೆ. ಹಾಗೆ ಯಾರಾದರೂ ಕೊಂಡರೆ, ಮಾರಿದವನು ಮಾರುಕಟ್ಟೆಗೆ ಬಂದು ನಿಜವಾದ ಬೆಲೆ ತಿಳಿದ ಮೇಲೆ ಆ ವ್ಯಾಪಾರವನ್ನು ರದ್ದುಗೊಳಿಸುವ ಹಕ್ಕುಳ್ಳವನಾಗಿದ್ದಾನೆ ಎಂದೂ ಮುಸ್ಲಿಮ್‌ನ ವರದಿಯಲ್ಲಿದೆ. ಕೊಳ್ಳುವ ಇಚ್ಛೆಯಿಲ್ಲದೆ ಸುಮ್ಮನೆ ಬೆಲೆ ಏರಿಸಿ ಕೂಗುವ ‘ನಜಶ್’ ಕೂಡ ನಿಷಿದ್ಧವಾಯಿತು. ಇಲ್ಲಿ ಗಮನಿಸಿರಿ: ದಾರಿಯಲ್ಲಿ ಕೊಳ್ಳುವವನು ಕದಿಯುತ್ತಿಲ್ಲ, ತನ್ನ ಸ್ವಂತ ಹಣವನ್ನೇ ಕೊಡುತ್ತಿದ್ದಾನೆ. ಆದರೂ ತಡೆಯಲಾಯಿತು. ಏಕೆಂದರೆ ಹಣ ಅವನದಾದರೂ ಮಾರುಕಟ್ಟೆ ಅವನದಲ್ಲ; ಅದು ಎಲ್ಲರದು. ಲೀಗ್ ಕೂಡ ಹಾಗೆಯೇ. ಇಪ್ಪತ್ತು ತಂಡಗಳು ಸೇರಿದರೆ ಮಾತ್ರ ಪಂದ್ಯಾವಳಿ. ಒಬ್ಬನೇ ಶ್ರೀಮಂತ ಆಡಲು ಎದುರಾಳಿಯೇ ಇರುವುದಿಲ್ಲ.

ಮೊದಲು ಬಾಕಿ ತೀರಿಸು

ಪೋರ್ಟ್ಸ್‌ಮತ್ ಎಂಬ ಇಂಗ್ಲಿಷ್ ಕ್ಲಬ್ಬು 2008ರಲ್ಲಿ ಎಫ್‌ಎ ಕಪ್ ಗೆದ್ದಿತು. ಎರಡೇ ವರ್ಷಗಳಲ್ಲಿ, 2010ರ ಫೆಬ್ರವರಿಯಲ್ಲಿ, ಸಾಲ ತೀರಿಸಲಾಗದೆ ಆಡಳಿತಾಧಿಕಾರಿಗಳ ವಶವಾಯಿತು. 9 ಅಂಕಗಳನ್ನು ಕಳೆದುಕೊಂಡಿತು. ದೊಡ್ಡ ಆಟಗಾರರಿಗೆ ದೊಡ್ಡ ಸಂಬಳದ ಮಾತು ಕೊಟ್ಟ ಸಂಸ್ಥೆ ಬಿದ್ದಾಗ ನೋವು ತಟ್ಟುವುದು ಚಿಕ್ಕವರಿಗೆ. ನಮ್ಮ ನಾಡಿನಲ್ಲಿಯೂ ಇದಕ್ಕೆ ಹೋಲುವ ಉದಾಹರಣೆಯಿದೆ. ವಿಜಯ್ ಮಲ್ಯರ ಕಿಂಗ್‌ಫಿಷರ್ ವಿಮಾನ ಸಂಸ್ಥೆ 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಲ್ಲಿಸಿತು. ನೌಕರರಿಗೆ ತಿಂಗಳುಗಟ್ಟಲೆ ಸಂಬಳ ಬಾಕಿಯಿತ್ತು. 2014ರ ಫೆಬ್ರವರಿಯ ಹರಾಜಿನಲ್ಲಿ ಅವರೇ ಅಧ್ಯಕ್ಷರಾಗಿದ್ದ ಸಂಸ್ಥೆಯ ಬೆಂಗಳೂರು ಕ್ರಿಕೆಟ್ ತಂಡ ಒಬ್ಬ ಆಟಗಾರನಿಗೆ 14 ಕೋಟಿ ರೂಪಾಯಿ ಕೂಗಿತು. ಕಾನೂನಿನ ಕಣ್ಣಿಗೆ ಅವು ಬೇರೆ ಬೇರೆ ಸಂಸ್ಥೆಗಳು, ಬೇರೆ ಬೇರೆ ಲೆಕ್ಕ. ಆದರೆ ಸಂಬಳ ಕಾಣದೆ ಕುಳಿತ ಮನೆಯವರು ಆ ಸುದ್ದಿಯನ್ನು ಹೇಗೆ ಓದಿರಬಹುದು? ಕೂಲಿಯವನ ಬೆವರು ಆರುವ ಮೊದಲು ಅವನ ಕೂಲಿ ಕೊಡಬೇಕೆಂಬ ಪ್ರವಾದಿ ವಚನವನ್ನು ಇಬ್ನುಮಾಜ ವರದಿ ಮಾಡಿದ್ದಾರೆ. ನಮ್ಮ ಚರಕದ ಮನೆಯಲ್ಲಿ, ಫಿಲೇಚರಿನಲ್ಲಿ ಬಿಸಿನೀರಿನಲ್ಲಿ ಬೆರಳು ಬೇಯಿಸಿಕೊಳ್ಳುವ ಹೆಣ್ಣುಮಕ್ಕಳ ಕೂಲಿ ಬಾಕಿಯಿಟ್ಟು, ಮಗನ ಮದುವೆಯ ಮಂಟಪಕ್ಕೆ ಲಕ್ಷ ಸುರಿಯುವವನು ದೂರದ ಶ್ರೀಮಂತರನ್ನು ದೂರುವ ಮೊದಲು ತನ್ನ ಲೆಕ್ಕದ ಪುಸ್ತಕ ತೆರೆಯಲಿ.

ತಂದೆತಾಯಿಯ ಮನೆಯ ಪರೀಕ್ಷೆ

ನಿಯಮ ಬಂದ ಕೂಡಲೇ ಅದನ್ನು ದಾಟುವ ಹಾದಿಯೂ ಹುಟ್ಟುತ್ತದೆ. ಮಾಲೀಕನು ನೇರವಾಗಿ ಹಣ ಸುರಿಯುವಂತಿಲ್ಲವಾದರೆ, ಅವನದೇ ನಂಟಿನ ಮತ್ತೊಂದು ಕಂಪೆನಿ ‘ಜಾಹೀರಾತು’ ಎಂಬ ಹೆಸರಿನಲ್ಲಿ ಹತ್ತು ರೂಪಾಯಿಯ ಜಾಗಕ್ಕೆ ನೂರು ರೂಪಾಯಿ ಕೊಡಬಹುದು. ಪುಸ್ತಕದಲ್ಲಿ ಅದು ಆದಾಯ. ನಿಜದಲ್ಲಿ ಒಂದು ಜೇಬಿನಿಂದ ಇನ್ನೊಂದು ಜೇಬಿಗೆ. ಆದ್ದರಿಂದಲೇ ಇಂತಹ ಒಪ್ಪಂದ ಮಾರುಕಟ್ಟೆಯ ನ್ಯಾಯವಾದ ಬೆಲೆಗೆ ನಡೆದಿದೆಯೇ ಎಂದು ಪರಿಶೀಲಿಸುವ ನಿಯಮಗಳಿವೆ.

ಈ ಪರಿಶೀಲನೆಯ ಮೂಲಸೂತ್ರವನ್ನು ಇಬ್ನುಲ್ಲುತ್‌ಬಿಯ್ಯ ಎಂಬವರ ಪ್ರಸಂಗದಲ್ಲಿ ಕಾಣಬಹುದು. ಪ್ರವಾದಿವರ್ಯರು(ಸ) ಅವರನ್ನು ಬನೂಸುಲೈಮ್ ಗೋತ್ರದ ಝಕಾತ್ ಸಂಗ್ರಹಕ್ಕೆ ಕಳುಹಿಸಿದ್ದರು. ಮರಳಿ ಬಂದು, ಇದು ನಿಮ್ಮದು, ಇದು ನನಗೆ ಬಂದ ಉಡುಗೊರೆ ಎಂದು ಅವರು ಎರಡು ಪಾಲು ಮಾಡಿದರು. ಪ್ರವಾದಿವರ್ಯರು(ಸ) ಮಿಂಬರನ್ನೇರಿ, ಇವನು ತನ್ನ ತಂದೆತಾಯಿಯ ಮನೆಯಲ್ಲಿ ಕುಳಿತಿದ್ದರೆ ಈ ಉಡುಗೊರೆ ಬರುತ್ತಿತ್ತೇ ಎಂದು ಜನರೆದುರು ಕೇಳಿದರು. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲಿಯೂ ಈ ಪ್ರಸಂಗವಿದೆ. ಎಷ್ಟು ಸರಳ, ಎಷ್ಟು ಹರಿತವಾದ ಪ್ರಶ್ನೆ! ಈ ಮಾಲೀಕ ಇಲ್ಲದಿದ್ದರೆ ಈ ಜಾಹೀರಾತಿಗೆ ಇಷ್ಟು ಹಣ ಬರುತ್ತಿತ್ತೇ? ನಾನು ಈ ಹುದ್ದೆಯಲ್ಲಿ ಇಲ್ಲದಿದ್ದರೆ ಈ ಹಬ್ಬದ ಬುಟ್ಟಿ ನನ್ನ ಮನೆಗೆ ಬರುತ್ತಿತ್ತೇ? ಹೆಸರು ಏನೇ ಇರಲಿ, ಉತ್ತರ ‘ಇಲ್ಲ’ವೆಂದಾದರೆ ಅದು ಉಡುಗೊರೆಯಲ್ಲ.

‘ನಮ್ಮವರು’ ಎಂಬ ತೂಕದ ಕಲ್ಲು

ಈಗ ಮಕ್ಕಳ ಮುಖ್ಯ ಪ್ರಶ್ನೆಗೆ ಬರೋಣ. ಅಬುಧಾಬಿಯ ಶೇಖ್ ಮನ್ಸೂರ್ ಅವರ ಸಮೂಹವು 2008ರ ಸೆಪ್ಟೆಂಬರ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿಯನ್ನು ಕೊಂಡಿತು. ಕತಾರ್‌ನ ಸಂಸ್ಥೆಯೊಂದು 2011ರಲ್ಲಿ ಪ್ಯಾರಿಸ್ ಸೇಂಟ್ ಜರ್ಮೇನ್ ಕ್ಲಬ್ಬನ್ನು ಕೊಂಡಿತು. 2017ರಲ್ಲಿ ಆ ಕ್ಲಬ್ಬು ನೇಮಾರ್ ಎಂಬ ಒಬ್ಬ ಆಟಗಾರನಿಗೆ 22 ಕೋಟಿ 20 ಲಕ್ಷ ಯೂರೋ ಕೊಟ್ಟಿತು. 2014ರಲ್ಲಿ ಈ ಎರಡೂ ಕ್ಲಬ್ಬುಗಳು ಯುಇಎಫ್‌ಎಯೊಂದಿಗೆ ರಾಜಿಗೆ ಬಂದು ತಲಾ 6 ಕೋಟಿ ಯೂರೋ ದಂಡಕ್ಕೆ ಒಪ್ಪಿದವು. ಅದರಲ್ಲಿ ಹೆಚ್ಚಿನ ಪಾಲನ್ನು ಷರತ್ತಿನ ಮೇಲೆ ತಡೆಹಿಡಿಯಲಾಗಿತ್ತು. 2020ರ ಫೆಬ್ರವರಿಯಲ್ಲಿ ಯುಇಎಫ್‌ಎ ಮ್ಯಾಂಚೆಸ್ಟರ್ ಸಿಟಿಯನ್ನು ಎರಡು ವರ್ಷ ಯುರೋಪಿನ ಪಂದ್ಯಗಳಿಂದ ಹೊರಗಿಟ್ಟು 3 ಕೋಟಿ ಯೂರೋ ದಂಡ ಹಾಕಿತು. ಅದೇ ಜುಲೈನಲ್ಲಿ ಕ್ರೀಡಾ ನ್ಯಾಯಮಂಡಳಿ ಆ ನಿಷೇಧವನ್ನು ರದ್ದುಪಡಿಸಿತು. ಕೆಲವು ಆರೋಪಗಳು ಸಾಬೀತಾಗಲಿಲ್ಲ, ಕೆಲವಕ್ಕೆ ಕಾಲಮಿತಿ ಮೀರಿತ್ತು. ತನಿಖೆಗೆ ಸಹಕರಿಸದ ತಪ್ಪಿಗಾಗಿ 1 ಕೋಟಿ ಯೂರೋ ದಂಡ ಉಳಿಯಿತು. 2023ರ ಫೆಬ್ರವರಿಯಲ್ಲಿ ಪ್ರೀಮಿಯರ್ ಲೀಗ್ ನೂರಕ್ಕೂ ಹೆಚ್ಚು ಆರೋಪಗಳನ್ನು ಹೊರಿಸಿತು. ಕ್ಲಬ್ಬು ಅವನ್ನು ನಿರಾಕರಿಸಿತು. 2024ರ ಸೆಪ್ಟೆಂಬರ್‌ನಲ್ಲಿ ವಿಚಾರಣೆ ಆರಂಭವಾಯಿತು.

ಇಲ್ಲಿ ವಿಶ್ವಾಸಿಯ ನಿಲುವು ಏನಾಗಿರಬೇಕು? ಮೊದಲನೆಯದಾಗಿ, ಆರೋಪ ಬೇರೆ, ಅಪರಾಧ ಬೇರೆ. ಸಾಕ್ಷ್ಯವಿಲ್ಲದೆ ಯಾರನ್ನೂ ಕಳ್ಳನೆನ್ನಬಾರದು. ಎರಡನೆಯದಾಗಿ, ಮುಸ್ಲಿಮನೆಂಬ ಕಾರಣಕ್ಕೆ ಯಾರನ್ನೂ ಸಮರ್ಥಿಸಬಾರದು. ನ್ಯಾಯದ ಪರ ದೃಢವಾಗಿ ನಿಲ್ಲಬೇಕು, ಅದು ಸ್ವತಃ ನಿಮಗೆ, ನಿಮ್ಮ ಹೆತ್ತವರಿಗೆ, ಬಂಧುಗಳಿಗೆ ವಿರುದ್ಧವಾದರೂ ಸರಿ, ಕಕ್ಷಿದಾರ ಧನಿಕನಾದರೂ ಬಡವನಾದರೂ ಸರಿ ಎಂಬುದು ‘ಅನ್ನಿಸಾ’ ಅಧ್ಯಾಯದ 135ನೇ ಸೂಕ್ತದ ಆಜ್ಞೆಯ ಸಾರ. ರಕ್ತಸಂಬಂಧವೇ ನ್ಯಾಯಕ್ಕೆ ಅಡ್ಡ ಬರಬಾರದೆಂದಾಗ, ಅಂಗಿಯ ಬಣ್ಣದ ಸಂಬಂಧ ಅಡ್ಡ ಬರಬಹುದೇ? ಮೂರನೆಯದಾಗಿ, ಕಾಲಮಿತಿ ಎಂಬುದು ಮನುಷ್ಯರ ನ್ಯಾಯಾಲಯಕ್ಕೆ ಮಾತ್ರ. ಇದನ್ನು ಯಾವ ಕ್ಲಬ್ಬನ್ನೂ ಕುರಿತು ಹೇಳುತ್ತಿಲ್ಲ, ನಮ್ಮನ್ನು ಕುರಿತೇ ಹೇಳುತ್ತಿದ್ದೇನೆ. ಮೂವತ್ತು ವರ್ಷಗಳ ಹಿಂದೆ ತಂಗಿಯ ಪಾಲಿನ ಜಮೀನಿಗೆ ಸಹಿ ಹಾಕಿಸಿಕೊಂಡವನ ಮೇಲೆ ಇಲ್ಲಿ ಮೊಕದ್ದಮೆ ನಿಲ್ಲದಿರಬಹುದು. ಆದರೆ ಸಂಪತ್ತನ್ನು ಎಲ್ಲಿಂದ ಗಳಿಸಿದೆ, ಎಲ್ಲಿ ಖರ್ಚು ಮಾಡಿದೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರಿಸದೆ ಪರಲೋಕದಲ್ಲಿ ದಾಸನ ಕಾಲು ಕದಲದು ಎಂದು ತಿರ್ಮಿದಿ ವರದಿ ಮಾಡಿದ ಹದೀಸ್ ಎಚ್ಚರಿಸುತ್ತದೆ. ಲೆಕ್ಕಪರಿಶೋಧಕರ ಪುಸ್ತಕದಲ್ಲಿಯೂ ಇರುವುದು ಇವೇ ಎರಡು ಕಲಮುಗಳು.

ಆಟದಲ್ಲಿ ಹೆಮ್ಮೆ ಬೇಕೆಂದರೆ ದೂರ ಹೋಗಬೇಕಾಗಿಲ್ಲ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಬೊಂಬಾಯಿಯ ರೋವರ್ಸ್ ಕಪ್ ಗೆದ್ದಿತು, 1938ರಲ್ಲಿ ಮತ್ತೆ ಗೆದ್ದಿತು. ಆ ಹೆಮ್ಮೆ ಮೈದಾನದಲ್ಲಿ ಓಡಿದ ಕಾಲುಗಳದು. ಕೊಳ್ಳುವವನ ಜೇಬಿನ ಹೆಮ್ಮೆ ನಮಗೇಕೆ? ಕಾರೂನನ ಖಜಾನೆ ಕಂಡು, ನಮಗೂ ಇಂತಹುದು ಇದ್ದಿದ್ದರೆ ಎಂದು ಬಾಯಿ ಚಪ್ಪರಿಸಿದವರ ಕತೆಯನ್ನು ‘ಅಲ್‌ಕಸಸ್’ ಅಧ್ಯಾಯ ನಮಗೆ ಹೇಳಿದೆ.

“ಆ ನಿಯಮ ಮಾಡಿದವರು ಮುಸ್ಲಿಮರಲ್ಲವಲ್ಲ” ಎಂಬ ಮಾತೂ ಉಂಟು. ಮಕ್ಕಾದ ಸಿರಿವಂತನಾದ ಆಸ್ ಬಿನ್ ವಾಇಲ್ ಹೊರಊರಿನ ವರ್ತಕನ ಸರಕು ಪಡೆದು ಹಣ ಕೊಡದೆ ಸತಾಯಿಸಿದಾಗ, ಕೆಲವು ಕುರೈಶ್ ಪ್ರಮುಖರು ಅಬ್ದುಲ್ಲಾ ಬಿನ್ ಜುದ್‌ಆನನ ಮನೆಯಲ್ಲಿ ಸೇರಿ ಪೀಡಿತನ ಪರ ನಿಲ್ಲುವ ಪ್ರತಿಜ್ಞೆ ಮಾಡಿದರು. ಪ್ರವಾದಿತ್ವಕ್ಕೆ ಮುಂಚಿನ ಆ ‘ಹಿಲ್ಫುಲ್ ಫುಝೂಲ್’ ಒಪ್ಪಂದದಲ್ಲಿ ಪ್ರವಾದಿವರ್ಯರು(ಸ) ಪಾಲ್ಗೊಂಡಿದ್ದರು. ಇಸ್ಲಾಮಿನಲ್ಲಿಯೂ ಅಂತಹುದಕ್ಕೆ ಕರೆದರೆ ಓಗೊಡುವೆನೆಂದು ಮುಂದೆ ತಿಳಿಸಿದರು. ನ್ಯಾಯದ ಒಪ್ಪಂದ ಯಾರು ಬರೆದರೂ ನ್ಯಾಯವೇ. ಸಹಿ ಹಾಕಿ ಲೀಗಿಗೆ ಸೇರಿದ ಮೇಲೆ ಷರತ್ತು ಪಾಲಿಸುವುದು ‘ಅಲ್‌ಮಾಇದ’ದ ಮೊದಲ ಸೂಕ್ತದಂತೆ ವಿಶ್ವಾಸಿಯ ಕರ್ತವ್ಯ.

ನಿಯಮವೂ ನ್ಯಾಯವಾಗಿರಬೇಕು

ಹಾಗೆಂದು ಈ ನಿಯಮಗಳೆಲ್ಲ ದೋಷರಹಿತವೆಂದು ತಿಳಿಯಬಾರದು. ದಶಕಗಳಿಂದ ಅಭಿಮಾನಿಗಳನ್ನೂ ಆದಾಯವನ್ನೂ ಕೂಡಿಸಿಕೊಂಡ ಹಳೆಯ ದೊಡ್ಡ ಕ್ಲಬ್ಬುಗಳಿಗೆ ಆದಾಯಕ್ಕೆ ತಕ್ಕ ಖರ್ಚು ಎಂಬ ನಿಯಮ ಅನುಕೂಲ. ಕೆಳಗಿನಿಂದ ಏರಬಯಸುವ ಸಣ್ಣ ಕ್ಲಬ್ಬಿಗೆ ಅದು ಬಾಗಿಲು ಮುಚ್ಚಿದಂತೆ. ಈ ಟೀಕೆಯಲ್ಲಿ ಹುರುಳಿದೆ. ಸಂಪತ್ತು ನಿಮ್ಮಲ್ಲಿನ ಧನಿಕರ ನಡುವೆಯೇ ಸುತ್ತುತ್ತಿರಬಾರದೆಂಬ ‘ಅಲ್‌ಹಶ್ರ್’ ಅಧ್ಯಾಯದ 7ನೇ ಸೂಕ್ತದ ಮಾತು ಹಳೆಯ ಧನಿಕ, ಹೊಸ ಧನಿಕ ಇಬ್ಬರಿಗೂ ಅನ್ವಯ.

ನಮ್ಮ ಪೂರ್ವಿಕ ವಿದ್ವಾಂಸರು ಈ ಎಳೆಯನ್ನು ಆಳವಾಗಿ ಚರ್ಚಿಸಿದ್ದಾರೆ. ಹಾತಿಬ್(ರ) ಮದೀನದ ಮಾರುಕಟ್ಟೆಯಲ್ಲಿ ಒಣದ್ರಾಕ್ಷಿಯನ್ನು ತೀರಾ ಅಗ್ಗವಾಗಿ ಮಾರುತ್ತಿದ್ದಾಗ ಖಲೀಫ ಉಮರ್(ರ), ಬೆಲೆ ಏರಿಸು, ಇಲ್ಲವೇ ನಮ್ಮ ಮಾರುಕಟ್ಟೆ ಬಿಡು ಎಂದರೆಂದು ಇಮಾಮ್ ಮಾಲಿಕ್‌ರ ಮುವತ್ತಾದಲ್ಲಿದೆ. ಬಳಿಕ ಉಮರ್(ರ) ಅವರ ಮನೆಗೆ ಹೋಗಿ, ಅದು ಆಜ್ಞೆಯಾಗಿರಲಿಲ್ಲ, ಜನರ ಒಳಿತನ್ನು ಬಯಸಿ ಹೇಳಿದ್ದು, ನಿಮಗೆ ಬೇಕಾದಂತೆ ಮಾರಿರಿ ಎಂದರೆಂಬ ವರದಿಯೂ ಇದೆ. ಆದ್ದರಿಂದಲೇ ಇಮಾಮರ ಅಭಿಪ್ರಾಯಗಳು ಭಿನ್ನವಾದವು. ಚನ್ನಪಟ್ಟಣದ ಗೊಂಬೆ ಅಂಗಡಿಗಳ ಸಾಲಿನಲ್ಲಿ ಒಬ್ಬ ಧನಿಕ ವರ್ಷಗಟ್ಟಲೆ ನಷ್ಟಕ್ಕೆ ಮಾರಬಲ್ಲನೆಂದು ಊಹಿಸಿರಿ. ಇಂದು ಗಿರಾಕಿಗೆ ಲಾಭ. ನಾಳೆ ಪಕ್ಕದ ಅಂಗಡಿಗಳು ಮುಚ್ಚಿದ ಮೇಲೆ ಬೆಲೆ ಅವನು ಹೇಳಿದ್ದೇ. ಅಗ್ಗ ಮಾರುವುದು ತಪ್ಪಲ್ಲ. ನೆರೆಯವನನ್ನು ಮುಗಿಸಲೆಂದು ಮಾರುವುದು ತಪ್ಪು. ಸಂಕಲ್ಪವನ್ನು ಅಲ್ಲಾಹನು ಬಲ್ಲನು. ಪರಿಣಾಮವನ್ನು ನೋಡಿಕೊಳ್ಳುವ ಹೊಣೆ ಸಮಾಜದ್ದು.

ಆಟದಲ್ಲಿ ಸಮಾನತೆ ಎಂದರೇನೆಂಬುದಕ್ಕೂ ಸುನ್ನತ್‌ನಲ್ಲಿ ಮಾದರಿಯಿದೆ. ಪ್ರವಾದಿವರ್ಯರು(ಸ) ಕುದುರೆ ಓಟ ಏರ್ಪಡಿಸಿದಾಗ, ಪಳಗಿಸಿ ಹದಗೊಳಿಸಿದ ಕುದುರೆಗಳಿಗೆ ಹಫ್‌ಯಾದಿಂದ ಸನಿಯ್ಯತುಲ್ ವದಾವರೆಗೆ ಐದಾರು ಮೈಲಿ, ಹದಗೊಳಿಸದವುಗಳಿಗೆ ಅಲ್ಲಿಂದ ಬನೂಝುರೈಕ್ ಮಸೀದಿಯವರೆಗೆ ಸುಮಾರು ಒಂದು ಮೈಲಿ ಗೊತ್ತುಪಡಿಸಿದ್ದರು. ಇಬ್ನುಉಮರ್(ರ) ಆ ಓಟದಲ್ಲಿ ಸ್ವತಃ ಭಾಗವಹಿಸಿದ್ದರೆಂದು ಬುಖಾರಿಯಲ್ಲಿದೆ. ಬಲಿಷ್ಠನನ್ನೂ ದುರ್ಬಲನನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸಿ ‘ಓಡಿ’ ಎನ್ನುವುದು ನ್ಯಾಯವಲ್ಲ.

ಸೋಲಲು ಒಪ್ಪಿದ ಒಡೆಯ

ಮದೀನದ ನಾಯಕರ ಬಳಿ ‘ಅಲ್‌ಅದ್‌ಬಾ’ ಎಂಬ ಒಂಟೆಯಿತ್ತು. ಅದನ್ನು ಯಾರೂ ಹಿಂದಿಕ್ಕಿರಲಿಲ್ಲ. ಒಮ್ಮೆ ಮರುಭೂಮಿಯ ಒಬ್ಬ ಹಳ್ಳಿಗ ತನ್ನ ಎಳೆಯ ಒಂಟೆಯ ಮೇಲೆ ಬಂದು ಅದನ್ನು ಸೋಲಿಸಿಬಿಟ್ಟ. ಸಹಾಬಿಗಳಿಗೆ ಬಹಳ ನೋವಾಯಿತು. ಅವರ ಮುಖದಲ್ಲಿ ಅದನ್ನು ಗುರುತಿಸಿದ ಪ್ರವಾದಿವರ್ಯರು(ಸ), ಈ ಲೋಕದಲ್ಲಿ ಮೇಲೇರಿದ ಯಾವುದನ್ನೂ ಅಲ್ಲಾಹನು ಕೆಳಗಿಳಿಸದೆ ಬಿಡುವುದಿಲ್ಲ ಎಂಬ ಅರ್ಥದ ಮಾತಿನಿಂದ ಅವರನ್ನು ಸಮಾಧಾನಪಡಿಸಿದರೆಂದು ಅನಸ್(ರ) ವರದಿ ಮಾಡಿರುವುದು ಬುಖಾರಿಯಲ್ಲಿದೆ. ಅವರು ಆ ಹಳ್ಳಿಗನ ಒಂಟೆಯನ್ನು ಕೊಂಡು ತಮ್ಮದಾಗಿಸಿಕೊಳ್ಳಲಿಲ್ಲ, ಅವನನ್ನು ಓಟದಿಂದ ಹೊರಗಿಡಲಿಲ್ಲ, ನಿಯಮ ತಿದ್ದಲಿಲ್ಲ. ಅಧಿಕಾರವೆಲ್ಲ ಕೈಯಲ್ಲಿದ್ದ ಒಡೆಯ, ಎಲ್ಲರೊಂದಿಗೆ ಒಂದೇ ನೆಲದ ಮೇಲೆ ಓಡಿ, ಸೋತು, ಸೋಲನ್ನು ಒಪ್ಪಿದರು. ಮಾಲೀಕರಿಗೆ ಇದಕ್ಕಿಂತ ದೊಡ್ಡ ಮಾದರಿ ಯಾವುದು?

ಮನೆಯಲ್ಲಿ ಮಾಡಬೇಕಾದುದು

ತಂದೆತಾಯಿಯರೇ, ಮಕ್ಕಳಿಗೆ ಆಟ ನೋಡಬೇಡಿರೆಂದಷ್ಟೇ ಹೇಳಿ ಬಿಡಬೇಡಿರಿ. ನೋಡುವ ಕಣ್ಣನ್ನು ಕೊಡಿರಿ. ಅವರ ಮೆಚ್ಚಿನ ತಂಡದ ಮೇಲೆ ಆರೋಪ ಬಂದಾಗ, ಎದುರಾಳಿ ತಂಡದ ಮೇಲೆ ಇದೇ ಆರೋಪ ಬಂದಿದ್ದರೆ ನೀನು ಏನೆನ್ನುತ್ತಿದ್ದೆ ಎಂದು ಕೇಳಿರಿ. ತಡರಾತ್ರಿಯ ಪಂದ್ಯ ಫಜ್ರ್ ನಮಾಝನ್ನು ನುಂಗದಂತೆ ನೋಡಿಕೊಳ್ಳಿರಿ. ಫಲಿತಾಂಶದ ಮೇಲೆ ಹಣ ಕಟ್ಟುವುದು ಕುರ್‌ಆನ್ ನಿಷೇಧಿಸಿದ ಜೂಜು, ಮೊಬೈಲಿನಲ್ಲಿ ಹತ್ತೇ ರೂಪಾಯಿ ಕಟ್ಟಿದರೂ ಅದು ಜೂಜೇ ಎಂದು ಸ್ಪಷ್ಟವಾಗಿ ತಿಳಿಸಿರಿ.

ವ್ಯಾಪಾರಿ ಸಹೋದರರೇ, ನಾಳೆ ಹರಾಜಿನ ಕಟ್ಟೆಯಲ್ಲಿ ನಿಂತಾಗ, ಕೂಗುವ ಮುಂಚೆಯೇ ನಾಲ್ವರು ಸೇರಿ ಬೆಲೆ ತಗ್ಗಿಸಲು ಮಾತಾಡಿಕೊಂಡಿದ್ದೇವೆಯೇ? ಗೂಡು ತಂದ ರೈತ ಯಾವ ಜಾತಿಯವನೇ ಇರಲಿ, ಯಾವ ಧರ್ಮದವನೇ ಇರಲಿ, ತಕ್ಕಡಿಯ ಎದುರು ಅವನ ಹಕ್ಕು ಪೂರ್ತಿಯಾದುದು. ಕೊಳ್ಳುವಾಗ ಪೂರ್ತಿ ಅಳೆದುಕೊಂಡು ಕೊಡುವಾಗ ಕಡಿಮೆ ಮಾಡುವವರಿಗೆ ವಿನಾಶ ಕಾದಿದೆ ಎಂದು ‘ಅಲ್‌ಮುತಫ್ಫಿಫೀನ್’ ಅಧ್ಯಾಯದ ಆರಂಭವೇ ಸಾರುತ್ತದೆ. ಮಾಗಡಿಯ ದಾರಿಯಲ್ಲಿ ಬರುವ ಒಬ್ಬ ರೈತ, ‘ಅವರು ನಮಾಝ್ ಮಾಡುವವರು, ತೂಕ ಸರಿಯಿರುತ್ತದೆ’ ಎಂದು ನಂಬಿ ನಮ್ಮ ಬಳಿ ಬರುವಂತಾದರೆ, ಅದು ಸಾವಿರ ಕಪ್ಪುಗಳಿಗಿಂತ ಮಿಗಿಲಾದ ಗೆಲುವು.

ಅಲ್ಲಾಹನು ನಮ್ಮ ಸಂಪಾದನೆಯನ್ನು ಶುದ್ಧಗೊಳಿಸಲಿ, ನಮ್ಮ ಕೈಯಲ್ಲಿ ತಕ್ಕಡಿಯನ್ನು ನೇರವಾಗಿರಿಸಲಿ, ಗೆದ್ದಾಗ ವಿನಯವನ್ನೂ ಸೋತಾಗ ಸಹನೆಯನ್ನೂ ದಯಪಾಲಿಸಲಿ. ಆಮೀನ್.